ಅಳೆಯುವ ಮೀಟರನ್ನು ಅಳೆಯುವುದು ಹೇಗೆ? ಜಲಾಂತರ್ಗಾಮಿಯ ಗಾಳಿಯ ಬಗ್ಗೆ ಓದುಗರ ಪ್ರಶ್ನೆಗಳು

ಮುಂಬೈಯ ಮಜಗಾಂವ್ ಹಡಗುಕಟ್ಟೆಯಲ್ಲಿ ನಿರ್ಮಾಣಗೊಂಡ ಆರು ಜಲಾಂತರ್ಗಾಮಿಗಳ ಬಗ್ಗೆ, ಅಂದರೆ 2017ರ ಡಿಸೆಂಬರ್ 14ರಂದು ನೌಕಾಪಡೆಯನ್ನು ಸೇರಿದ ಕಲ್ವರಿಯಿಂದ 2025ರ ಜನವರಿ 15ರಂದು ಸೇರಿದ ವಾಘ್‌ಶೀರ್‌ವರೆಗಿನ ನೌಕೆಗಳ ಬಗ್ಗೆ, ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಇಂಥ ನೌಕೆಗಳ ಒಳಗಿನ ಗಾಳಿಯನ್ನು ಕೈಯಲ್ಲಿ ಹಿಡಿಯುವ ಅನಿಲ ಮೀಟರುಗಳಿಂದಲೂ ನೋಡಬೇಕಾಗುತ್ತದೆ, ಆ ಮೀಟರುಗಳನ್ನು ಬಳಕೆಗೆ ಕೊಡುವ ಮೊದಲು ಕಠಿಣವಾಗಿ ಪರೀಕ್ಷಿಸಲಾಗುತ್ತದೆ ಎಂದು ಅದರಲ್ಲಿ ಒಂದು ವಾಕ್ಯ ಸೇರಿಸಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ವಾಕ್ಯವನ್ನೇ ಹಿಡಿದುಕೊಂಡಿವೆ. ಪುಣೆಯ ಭೋಸರಿಯಲ್ಲಿ ಅನಿಲ ಮಾಪಕಗಳನ್ನು ತಾಳೆ ನೋಡುವ ಕೆಲಸದಲ್ಲೇ ವೃತ್ತಿಜೀವನವನ್ನು ಕಳೆದು, ಈಗ ಮುಲುಂಡ್‌ನಲ್ಲಿ ನೆಲೆಸಿರುವ ನನಗೆ ಇದಕ್ಕಿಂತ ಮೆಚ್ಚಿನ ವಿಷಯ ಬೇರೊಂದಿಲ್ಲ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮನೆಗೆ ಹೊಸ ಥರ್ಮಾಮೀಟರ್ ತಂದರೆ ನಾವು ಅದನ್ನು ಪರೀಕ್ಷಿಸುವುದಿಲ್ಲ, ನೇರವಾಗಿ ಬಳಸುತ್ತೇವೆ. ಕಂಪನಿಯವರು ಪ್ರಮಾಣಪತ್ರ ಕೊಟ್ಟು ಮಾರುವ ಗ್ಯಾಸ್ ಮೀಟರನ್ನು ಮತ್ತೆ ವಾರಗಟ್ಟಲೆ ಪರೀಕ್ಷಿಸುವುದು ಏಕೆ? ಅಲ್ಲದೆ ಅಷ್ಟು ದೊಡ್ಡ ನೌಕೆಯಲ್ಲಿ ಗಾಳಿ ನೋಡಲು ಸ್ಥಿರವಾದ ಯಂತ್ರ ಇರುವುದಿಲ್ಲವೇ? (ಗೃಹಿಣಿ, ಡೊಂಬಿವಲಿ)

ಉತ್ತರ: ಥರ್ಮಾಮೀಟರ್ ತಪ್ಪು ತೋರಿಸಿದರೆ ಮಗುವಿನ ಹಣೆ ಮುಟ್ಟಿ ನೋಡಲು ನಿಮ್ಮ ಕೈ ಇದೆ. ಗಾಳಿಯ ವಿಷಯದಲ್ಲಿ ಅಂಥ ಎರಡನೆಯ ಸಾಕ್ಷಿ ಇಲ್ಲ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜಲಜನಕಕ್ಕೂ ಇಲ್ಲ. ಆಮ್ಲಜನಕ ಕಡಿಮೆಯಾಗುತ್ತಿರುವುದು ಕೂಡ ನಮಗೆ ಸುಲಭವಾಗಿ ತಿಳಿಯುವುದಿಲ್ಲ, ಏಕೆಂದರೆ ಉಸಿರುಗಟ್ಟಿದ ಅನುಭವವನ್ನು ಮುಖ್ಯವಾಗಿ ಉಂಟುಮಾಡುವುದು ರಕ್ತದಲ್ಲಿ ಹೆಚ್ಚುವ ಇಂಗಾಲದ ಡೈಆಕ್ಸೈಡೇ ಹೊರತು ಆಮ್ಲಜನಕದ ಕೊರತೆಯಲ್ಲ.

ಉತ್ತರ ಕರ್ನಾಟಕದ ಹಿರಿಯರು ಮನೆಯಲ್ಲಿದ್ದರೆ ಹಗೇವಿನ ಬಗ್ಗೆ ಕೇಳಿ ನೋಡಿ. ಜೋಳ ತುಂಬಿ ಮುಚ್ಚಿದ ನೆಲದೊಳಗಿನ ಆ ಕಣಜವನ್ನು ತೆರೆದ ಕೂಡಲೇ ಯಾರೂ ಒಳಗೆ ಇಳಿಯಬಾರದು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಸಿ, ಅದು ಆರದೆ ಉರಿಯುತ್ತಿದ್ದರೆ ಮಾತ್ರ ಇಳಿಯಬೇಕು. ಕಾಳು ಉಸಿರಾಡಿ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡನ್ನು ಬಿಟ್ಟಿರುತ್ತದೆ. ಆಮ್ಲಜನಕ ಸುಮಾರು ಶೇಕಡಾ 16ಕ್ಕೆ ಇಳಿದರೆ ದೀಪ ಆರುತ್ತದೆ. ಆ ದೀಪವೇ ನಮ್ಮವರ ಕೈಯಲ್ಲಿ ಹಿಡಿಯುವ ಅನಿಲ ವಿಶ್ಲೇಷಕವಾಗಿತ್ತು. ಆದರೆ ಅದು ಹೇಳುವುದು ಒಂದೇ ಸಂಗತಿ. ಮಾನಾಕ್ಸೈಡ್ ಮನುಷ್ಯನನ್ನು ಕೊಲ್ಲುವ ಮಟ್ಟದಲ್ಲಿದ್ದಾಗಲೂ ದೀಪ ನೆಮ್ಮದಿಯಾಗಿ ಉರಿಯುತ್ತಿರುತ್ತದೆ. ಜಲಜನಕ ತುಂಬಿದ ಕಡೆಯಂತೂ ದೀಪವೇ ಅನಾಹುತಕ್ಕೆ ಕಾರಣವಾಗುತ್ತದೆ. ಜಲಾಂತರ್ಗಾಮಿಯಲ್ಲಿ ಈ ಎಲ್ಲ ಅಪಾಯಗಳೂ ಒಟ್ಟಿಗೆ ಇರುವ ಸಾಧ್ಯತೆಯಿದೆ.

ಒಂದು ಲೆಕ್ಕ ಹಾಕಿ ನೋಡೋಣ. ಮನುಷ್ಯನೊಬ್ಬ ಹಗುರವಾದ ಕೆಲಸದಲ್ಲಿರುವಾಗ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಒಳಗೆ 500 ಘನ ಮೀಟರ್ ಗಾಳಿ ಇದೆ, 40 ಜನ ಇದ್ದಾರೆ, ಗಾಳಿಯನ್ನು ಶುದ್ಧಗೊಳಿಸುವ ವ್ಯವಸ್ಥೆ ನಿಂತಿದೆ ಎಂದುಕೊಳ್ಳಿ. ಗಂಟೆಗೆ 800 ಲೀಟರ್, ಅಂದರೆ ಒಟ್ಟು ಗಾಳಿಯ ಶೇಕಡಾ 0.16ರಷ್ಟು ಸೇರುತ್ತಾ ಹೋಗುತ್ತದೆ. ಹತ್ತೊಂಬತ್ತು ಗಂಟೆಗಳೊಳಗೆ ಶೇಕಡಾ 3 ತಲುಪುತ್ತದೆ. ಆ ಮಟ್ಟದಲ್ಲಿ ಉಸಿರು ಏರುತ್ತದೆ, ತಲೆನೋವು ಶುರುವಾಗುತ್ತದೆ. ಶೇಕಡಾ 10ರ ಹತ್ತಿರ ಪ್ರಜ್ಞೆಯೇ ಉಳಿಯುವುದಿಲ್ಲ. ಹೊರಗಿನ ಗಾಳಿಯಲ್ಲಿ ಇದರ ಪ್ರಮಾಣ ಶೇಕಡಾ 0.04ರ ಆಸುಪಾಸು ಎಂಬುದನ್ನು ನೆನಪಿಟ್ಟುಕೊಂಡರೆ ಈ ಅಂಕಿಗಳ ಭಾರ ಅರ್ಥವಾದೀತು.

ಸ್ಥಿರವಾದ ಯಂತ್ರಗಳು ಖಂಡಿತ ಇರುತ್ತವೆ. ಅಮೆರಿಕದ ಪರಮಾಣು ಜಲಾಂತರ್ಗಾಮಿಗಳಲ್ಲಿ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಇಡೀ ನೌಕೆಯ ಗಾಳಿಯನ್ನು ಕೊಳವೆಗಳ ಮೂಲಕ ಎಳೆದುಕೊಂಡು ನೋಡುತ್ತದೆ. ಅಲ್ಲಿಯೂ ಒಂದು ಸೊಗಸಾದ ತೊಡಕು ಇದೆ: ಮಾನಾಕ್ಸೈಡಿನ ಅಣುತೂಕ 28, ಗಾಳಿಯಲ್ಲಿ ತುಂಬಿರುವ ಸಾರಜನಕದ ಅಣುತೂಕವೂ 28. ತೂಕ ನೋಡುವ ಯಂತ್ರಕ್ಕೆ ಇವೆರಡನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಮಾನಾಕ್ಸೈಡಿಗಾಗಿ ಅದರ ಜೊತೆಯಲ್ಲೇ ಅವಕೆಂಪು (ಇನ್‌ಫ್ರಾರೆಡ್) ಕಿರಣದ ವಿಶ್ಲೇಷಕವನ್ನು ಇಡಬೇಕಾಯಿತು. ಆದರೆ ಸ್ಥಿರ ಯಂತ್ರ ತನ್ನ ಕೊಳವೆ ತಲುಪುವ ಕಡೆಯ ಗಾಳಿಯನ್ನಷ್ಟೇ ನೋಡಬಲ್ಲದು, ಅದಕ್ಕೆ ವಿದ್ಯುತ್ತೂ ಬೇಕು. ಹೊಗೆ ತುಂಬಿ ಮುಚ್ಚಿದ ವಿಭಾಗದ ಬಾಗಿಲನ್ನು ಮತ್ತೆ ತೆರೆಯಬಹುದೇ ಎಂದು ತಿಳಿಯಬೇಕಾದಾಗ, ಟ್ಯಾಂಕಿನೊಳಗೆ ಒಬ್ಬರನ್ನು ಇಳಿಸಬೇಕಾದಾಗ, ಅಥವಾ ನೌಕೆಯೇ ನಿಷ್ಕ್ರಿಯವಾಗಿ ಸಮುದ್ರದ ತಳದಲ್ಲಿ ಕುಳಿತಾಗ ಉಳಿಯುವುದು ಕೈಯಲ್ಲಿರುವ ಮೀಟರ್ ಒಂದೇ. 2014ರ ಫೆಬ್ರವರಿ 26ರಂದು ಇದೇ ಮುಂಬೈ ಕರಾವಳಿಯಾಚೆ ಐಎನ್‌ಎಸ್ ಸಿಂಧುರತ್ನದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡದ್ದನ್ನು ಈ ನಗರದವರು ಮರೆತಿರಲಾರರು. ನೀರಿನಡಿಯ ನೌಕೆಯಲ್ಲಿ ಹೊಗೆ ಎಂದರೆ ಏನೆಂದು ಅಂದಿನಿಂದ ನಾನು ಬೇರೆ ರೀತಿಯಲ್ಲಿ ಯೋಚಿಸುತ್ತೇನೆ.

ಕಂಪನಿಯ ಪ್ರಮಾಣಪತ್ರ ಸುಳ್ಳಲ್ಲ. ಆದರೆ ಅದು 20ರಿಂದ 25 ಡಿಗ್ರಿ ಉಷ್ಣತೆಯ, ಒಣಗಿದ ಗಾಳಿಯ, ಸಾಮಾನ್ಯ ಒತ್ತಡದ ಪ್ರಯೋಗಾಲಯದಲ್ಲಿ, ಒಂದು ಸಲಕ್ಕೆ ಒಂದೇ ಅನಿಲವನ್ನು ಕೊಟ್ಟು ನೋಡಿ ಬರೆದದ್ದು. ಮೀಟರ್ ಹೋಗಿ ಕೆಲಸ ಮಾಡುವ ಜಾಗದಲ್ಲಿ ಈ ನಾಲ್ಕರಲ್ಲಿ ಒಂದೂ ಇರುತ್ತದೆಂಬ ಭರವಸೆಯಿಲ್ಲ. ಆ ಜಾಗದ ಗಾಳಿಯನ್ನು ಮೊದಲು ಪ್ರಯೋಗಾಲಯದಲ್ಲಿ ಸೃಷ್ಟಿಸಿ, ಅದರೊಳಗೆ ಮೀಟರನ್ನು ಇಟ್ಟು ನೋಡುವುದೇ ನಾವು ಪರೀಕ್ಷೆ ಎಂದು ಕರೆಯುವ ಕೆಲಸ.

ಪ್ರಶ್ನೆ: ನಾನು ಇನ್‌ಸ್ಟ್ರುಮೆಂಟೇಷನ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದೇನೆ. ನಮ್ಮ ಕಾರ್ಖಾನೆಯ ಬ್ಯಾಟರಿ ಚಾರ್ಜ್ ಮಾಡುವ ಕೋಣೆಯಲ್ಲಿ ಪೋರ್ಟಬಲ್ ಮೀಟರ್ ಇಂಗಾಲದ ಮಾನಾಕ್ಸೈಡ್ 140 ಪಿಪಿಎಂ ಎಂದು ತೋರಿಸಿ ಕೂಗಿಕೊಂಡಿತು. ಅಲ್ಲಿ ಬೆಂಕಿಯೂ ಇರಲಿಲ್ಲ, ಎಂಜಿನ್ನೂ ಇರಲಿಲ್ಲ. ಮೀಟರ್ ಕೆಟ್ಟಿದೆ ಎಂದು ಮೇಲಿನವರು ಹೇಳುತ್ತಾರೆ. ಜಲಾಂತರ್ಗಾಮಿಯಲ್ಲಿಯೂ ಬ್ಯಾಟರಿಗಳಿರುತ್ತವಲ್ಲ, ಅಲ್ಲಿ ಏನು ಮಾಡುತ್ತಾರೆ? (ತರುಣ ಓದುಗ, ಚಿಂಚ್‌ವಡ್, ಪುಣೆ)

ಉತ್ತರ: ನಿಮ್ಮ ಮೀಟರ್ ಕೆಟ್ಟಿಲ್ಲದೆಯೂ ಇರಬಹುದು. ಅದು ಜಲಜನಕವನ್ನು ಕಂಡು ಮಾನಾಕ್ಸೈಡ್ ಎಂದು ಹೇಳಿರುವ ಸಾಧ್ಯತೆಯೇ ಹೆಚ್ಚು. ಜಲಾಂತರ್ಗಾಮಿಯ ಮೀಟರುಗಳ ಪರೀಕ್ಷೆಯಲ್ಲಿ ನನ್ನ ಅಭಿಪ್ರಾಯದಲ್ಲಿ ಅತ್ಯಂತ ಮುಖ್ಯವಾದ ಭಾಗ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೈಯಲ್ಲಿ ಹಿಡಿಯುವ ಮೀಟರುಗಳಲ್ಲಿ ಮಾನಾಕ್ಸೈಡನ್ನು ಅಳೆಯುವುದು ಸಾಮಾನ್ಯವಾಗಿ ಎಲೆಕ್ಟ್ರೋಕೆಮಿಕಲ್ ಸೆನ್ಸರ್. ಅದರೊಳಗೆ ಪ್ಲಾಟಿನಂ ಇರುವ ವಿದ್ಯುದ್ವಾರವೊಂದು ಇರುತ್ತದೆ. ಮಾನಾಕ್ಸೈಡ್ ಅಣು ಅದರ ಮೇಲೆ ಉತ್ಕರ್ಷಣಗೊಂಡು ಡೈಆಕ್ಸೈಡ್ ಆಗುವಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಆ ಸಣ್ಣ ವಿದ್ಯುತ್ ಪ್ರವಾಹವನ್ನೇ ಮೀಟರ್ ಪಿಪಿಎಂ ಆಗಿ, ಅಂದರೆ ಗಾಳಿಯ ದಶಲಕ್ಷ ಭಾಗಗಳಲ್ಲಿ ಎಷ್ಟು ಭಾಗ ಎಂಬ ಲೆಕ್ಕವಾಗಿ ತೋರಿಸುತ್ತದೆ. ಅದೇ ಪ್ಲಾಟಿನಂ ಮೇಲೆ ಜಲಜನಕವೂ ಉತ್ಕರ್ಷಣಗೊಂಡು ಎಲೆಕ್ಟ್ರಾನುಗಳನ್ನು ಬಿಡುತ್ತದೆ. ಬಂದ ಪ್ರವಾಹ ಯಾರಿಂದ ಬಂತು ಎಂದು ಮೀಟರಿಗೆ ತಿಳಿಯುವುದಿಲ್ಲ. ಸೀಸ ಮತ್ತು ಆಮ್ಲದ ಬ್ಯಾಟರಿಗಳು ಚಾರ್ಜ್ ಆಗುವಾಗ, ವಿಶೇಷವಾಗಿ ಚಾರ್ಜಿನ ಕೊನೆಯ ಹಂತದಲ್ಲಿ, ಜಲಜನಕವನ್ನು ಬಿಡುತ್ತವೆ. ಹೆಚ್ಚಿನ ಡೀಸೆಲ್ ವಿದ್ಯುತ್ ಜಲಾಂತರ್ಗಾಮಿಗಳ ಹೊಟ್ಟೆಯ ತುಂಬ ಇರುವುದು ಇಂಥ ಬ್ಯಾಟರಿಗಳೇ.

ಅಂಕಿಗಳಲ್ಲಿ ನೋಡಿ. ಗಾಳಿಯಲ್ಲಿ ಜಲಜನಕ ಶೇಕಡಾ 4 ತಲುಪಿದರೆ ಕಿಡಿ ತಗುಲಿ ಹೊತ್ತಿಕೊಳ್ಳುವ ಮಟ್ಟ. 1,000 ಪಿಪಿಎಂ ಎಂದರೆ ಶೇಕಡಾ 0.1, ಹೊತ್ತಿಕೊಳ್ಳುವ ಮಟ್ಟದ ನಲವತ್ತನೆಯ ಒಂದು ಭಾಗ. ಬೆಂಕಿಯ ದೃಷ್ಟಿಯಿಂದ ಇದು ಸಣ್ಣ ಸಂಗತಿ. ಆದರೆ ಜಲಜನಕದ ಐದನೆಯ ಒಂದು ಭಾಗದಷ್ಟನ್ನು ಮಾನಾಕ್ಸೈಡ್ ಎಂದು ಎಣಿಸುವ ಸೆನ್ಸರ್ ನಿಮ್ಮಲ್ಲಿದ್ದರೆ ಅದೇ 1,000 ಪಿಪಿಎಂ ಜಲಜನಕ 200 ಪಿಪಿಎಂ ಮಾನಾಕ್ಸೈಡ್ ಎಂದು ಕಾಣಿಸುತ್ತದೆ. ಕೆಲವು ಸೆನ್ಸರುಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ನೀರಿನಡಿಯಲ್ಲಿರುವ ನೌಕೆಯಲ್ಲಿ 200 ಪಿಪಿಎಂ ಮಾನಾಕ್ಸೈಡ್ ಎಂದರೆ ಎಲ್ಲರೂ ಮುಖವಾಡ ಧರಿಸಿ, ಎಲ್ಲಿಯೋ ಕಾಣದ ಬೆಂಕಿ ಹೊಗೆಯಾಡುತ್ತಿದೆಯೆಂದು ಹುಡುಕಬೇಕಾದ ಪರಿಸ್ಥಿತಿ. ನಾಲ್ಕು ಸಲ ಹೀಗೆ ಸುಳ್ಳು ಕೂಗಿದ ಮೀಟರನ್ನು ಐದನೆಯ ಸಲ ಯಾರೂ ನಂಬುವುದಿಲ್ಲ, ಆ ಐದನೆಯ ಸಲ ಬೆಂಕಿ ನಿಜವಾಗಿಯೂ ಇರಬಹುದು. ಆದ್ದರಿಂದ ಸುಳ್ಳು ಕೂಗನ್ನು ನಾನು ಸಣ್ಣ ದೋಷವೆಂದು ಎಂದಿಗೂ ಬರೆದಿಲ್ಲ.

ಇದನ್ನು ಪರೀಕ್ಷಿಸುವ ಕ್ರಮ ಹೀಗಿದೆ. ಪ್ರಮಾಣೀಕೃತ ಮಿಶ್ರಣದ ಸಿಲಿಂಡರುಗಳನ್ನು ತರಿಸುತ್ತೇವೆ. ಅವುಗಳ ಅಂಕಿಗಳು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಂಥ ಮೂಲ ಮಾನಕಗಳವರೆಗೆ ಮುರಿಯದ ಸರಪಳಿಯಾಗಿ ಹೋಗಿ ಸೇರಬೇಕು. ಮೊದಲು ಶುದ್ಧ ಗಾಳಿ, ನಂತರ ಗಾಳಿಯಲ್ಲಿ ಮಾನಾಕ್ಸೈಡ್ ಮಾತ್ರ, ನಂತರ ಗಾಳಿಯಲ್ಲಿ ಜಲಜನಕ ಮಾತ್ರ, ಕೊನೆಗೆ ಎರಡೂ ಸೇರಿದ ಮಿಶ್ರಣ. ಕೊನೆಯದನ್ನು ಬಿಟ್ಟುಬಿಡುವವರು ಬಹಳ. ಜಲಜನಕದ ಪಾಲನ್ನು ತಾನೇ ಕಳೆದು ತೋರಿಸುವ, ಹೆಚ್ಚುವರಿ ವಿದ್ಯುದ್ವಾರವಿರುವ ಸೆನ್ಸರುಗಳು ಈಗ ಸಿಗುತ್ತವೆ. ಅವು ಬರೀ ಜಲಜನಕ ಕೊಟ್ಟಾಗ ಶೂನ್ಯ ತೋರಿಸಿ ಮೆಚ್ಚುಗೆ ಗಳಿಸುತ್ತವೆ. ಎರಡೂ ಇದ್ದಾಗ ಕಳೆಯಬೇಕಾದುದಕ್ಕಿಂತ ಹೆಚ್ಚು ಕಳೆದು, ನಿಜವಾದ ಮಾನಾಕ್ಸೈಡನ್ನೇ ಮರೆಮಾಡುತ್ತವೆಯೋ ಎಂಬುದು ಮಿಶ್ರಣ ಕೊಟ್ಟಾಗಲೇ ತಿಳಿಯುವುದು. ಉಷ್ಣತೆ ಬದಲಾದಂತೆ, ಸೆನ್ಸರಿಗೆ ವಯಸ್ಸಾದಂತೆ ಈ ಪಾಲು ಬದಲಾಗುವುದರಿಂದ ಇಡೀ ಸರಣಿಯನ್ನು ತಂಪಿನಲ್ಲಿ, ಕೋಣೆಯ ಉಷ್ಣತೆಯಲ್ಲಿ, ಎಂಜಿನ್ ವಿಭಾಗದಂಥ ಸೆಕೆಯಲ್ಲಿ ಪುನಃ ಮಾಡಬೇಕು. ಜಲಜನಕ ಅವಕೆಂಪು ಕಿರಣವನ್ನು ಹೀರುವುದಿಲ್ಲವಾದ್ದರಿಂದ ಆ ತತ್ತ್ವದ ಮಾನಾಕ್ಸೈಡ್ ವಿಶ್ಲೇಷಕ ಈ ಮೋಸಕ್ಕೆ ಒಳಗಾಗುವುದಿಲ್ಲ. ಹೋಲಿಕೆಗಾಗಿ ಪಕ್ಕದಲ್ಲಿ ಅಂಥದೊಂದು ಇದ್ದರೆ ಉತ್ತಮ.

ನಿಮ್ಮ ಕಾರ್ಖಾನೆಯ ಮಟ್ಟಿಗೆ ಹೇಳುವುದಾದರೆ, ಮೊದಲು ಆ ಅಲಾರಂ ನಿಜವೆಂದೇ ತಿಳಿದು ಹೊರಗೆ ಬನ್ನಿ, ಗಾಳಿಯಾಡಲು ಬಿಡಿ. ನಂತರ, ಮೇಲೆ ಹೇಳಿದ, ಗಾಳಿಯಲ್ಲಿ ಜಲಜನಕ ಮಾತ್ರ ಬೆರೆತ ಪ್ರಮಾಣೀಕೃತ ಸಿಲಿಂಡರ್ ಹಿಡಿದು ನೋಡಿ. ಮೀಟರ್ ಮಾನಾಕ್ಸೈಡ್ ಎಂದು ಹೇಳಿದರೆ ಕಾರಣ ಸಿಕ್ಕಿತು. ಆಗಲೂ ನೆಮ್ಮದಿಯಿಂದ ಕೂರುವಂತಿಲ್ಲ. ಆ ಕೋಣೆಯಲ್ಲಿ ಜಲಜನಕ ಸೇರುತ್ತಿದೆ, ಗಾಳಿ ಬದಲಾಗುವ ವ್ಯವಸ್ಥೆ ಸಾಲದು ಎಂಬುದನ್ನು ಮೀಟರ್ ತನ್ನದೇ ರೀತಿಯಲ್ಲಿ ನಿಮಗೆ ತಿಳಿಸಿದೆ.

ಇದಕ್ಕೆ ಸೇರಿದ ಮತ್ತೊಂದು ಮಾತು. ಜಲಜನಕದಂಥ ಹೊತ್ತಿಕೊಳ್ಳುವ ಅನಿಲಗಳನ್ನು ಅಳೆಯುವ ಪೆಲ್ಲಿಸ್ಟರ್ ಎಂಬ ಸೆನ್ಸರ್, ಆ ಅನಿಲವನ್ನು ತನ್ನೊಳಗೆ ಸುಟ್ಟು ಬರುವ ಶಾಖದಿಂದ ಅಳೆಯುತ್ತದೆ. ಸುಡಲು ಆಮ್ಲಜನಕ ಬೇಕು. ಆಮ್ಲಜನಕ ತೀರ ಕಡಿಮೆಯಾದ ವಿಭಾಗದಲ್ಲಿ ಅದು ಕಡಿಮೆ ಅಂಕಿ ತೋರಿಸುತ್ತದೆ. ಸಿಲಿಕೋನ್ ಇರುವ ಸ್ಪ್ರೇ ಅಥವಾ ಸೀಲೆಂಟಿನ ಆವಿ ತಾಗಿದರೆ ಅದು ಶಾಶ್ವತವಾಗಿ ಮಂಕಾಗುತ್ತದೆ, ಆದರೆ ಪರದೆಯ ಮೇಲೆ ಎಂದಿನಂತೆ ಸೊನ್ನೆ ತೋರಿಸುತ್ತಲೇ ಇರುತ್ತದೆ. ಆದ್ದರಿಂದ ಸೊನ್ನೆ ಕಂಡಾಗಲೇ ಹೆಚ್ಚು ಅನುಮಾನಪಡಬೇಕು ಎಂದು ನನ್ನ ಜೊತೆ ಕೆಲಸ ಕಲಿತವರಿಗೆಲ್ಲ ಹೇಳುತ್ತಿದ್ದೆ.

ಮೀಟರಿನ ಪಟ್ಟಿಯಲ್ಲಿ ಇಲ್ಲದ ಅನಿಲವನ್ನು ಅದು ಕಾಣುವುದೇ ಇಲ್ಲ ಎಂಬುದೂ ನೆನಪಿರಲಿ. 2008ರ ನವೆಂಬರ್ 8ರಂದು ರಷ್ಯದ ನೆರ್ಪಾ ಜಲಾಂತರ್ಗಾಮಿಯಲ್ಲಿ, ಪರೀಕ್ಷಾ ಯಾನದ ವೇಳೆ, ಬೆಂಕಿ ನಂದಿಸುವ ಅನಿಲ ಅನಿರೀಕ್ಷಿತವಾಗಿ ಬಿಡುಗಡೆಯಾಗಿ 20 ಜನ ಸತ್ತರು. ಅದೇ ನೌಕೆ 2012ರಲ್ಲಿ ಐಎನ್‌ಎಸ್ ಚಕ್ರ ಎಂಬ ಹೆಸರಿನಲ್ಲಿ ನಮ್ಮ ನೌಕಾಪಡೆಗೆ ಗುತ್ತಿಗೆಯ ಮೇಲೆ ಬಂದಿತ್ತು. ಸಮುದ್ರದ ನೀರು ಬ್ಯಾಟರಿಗೆ ನುಗ್ಗಿದರೆ ಹುಟ್ಟುವ ಕ್ಲೋರಿನ್, ತಂಪುಕಾರಕ ಅನಿಲಗಳು ಬೆಂಕಿಗೆ ಸಿಕ್ಕಾಗ ಹುಟ್ಟುವ ಆಮ್ಲೀಯ ಅನಿಲಗಳು ಮೊದಲಾದವುಗಳಿಗಾಗಿ ಬಣ್ಣ ಬದಲಿಸುವ ಗಾಜಿನ ಕೊಳವೆಗಳನ್ನು ಇಂದಿಗೂ ಮೀಟರುಗಳ ಜೊತೆಯಲ್ಲಿ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಪ್ರಶ್ನೆ: ಗ್ಯಾಸ್ ಮೀಟರುಗಳನ್ನು ಅಧಿಕ ಒತ್ತಡದ ಕೋಣೆಯಲ್ಲಿ ಇಟ್ಟು ಪರೀಕ್ಷಿಸುತ್ತಾರೆಂದು ಓದಿದೆ. ಜಲಾಂತರ್ಗಾಮಿಯ ಒಳಗೆ ನಮ್ಮ ಮನೆಯಷ್ಟೇ ಒತ್ತಡ ಇರುತ್ತದೆಯಲ್ಲವೇ? ಮತ್ತು ಶೇಕಡಾ 1 ಎಂದರೆ ಎಲ್ಲಿಯಾದರೂ ಶೇಕಡಾ 1 ತಾನೇ? (ನಿವೃತ್ತ ಅಧ್ಯಾಪಕರು, ಠಾಣೆ)

ಉತ್ತರ: ಎಲ್ಲವೂ ಸರಿಯಿರುವಾಗ ನಿಮ್ಮ ಮಾತು ಹೆಚ್ಚುಕಡಿಮೆ ಸರಿ. ನೌಕೆಯ ಗಟ್ಟಿ ಕವಚ ಹೊರಗಿನ ನೀರಿನ ಒತ್ತಡವನ್ನು ತಾನೇ ಹೊರುತ್ತದೆ. ಆದರೆ ನೀರು ಒಳನುಗ್ಗಿ ಗಾಳಿಯನ್ನು ಮೂಲೆಗೆ ತಳ್ಳಿದಾಗ, ಅಥವಾ ಒತ್ತಿ ತುಂಬಿದ ಗಾಳಿಯ ಕೊಳವೆಗಳು ಸೋರಿದಾಗ, ಬದುಕುಳಿದವರಿರುವ ವಿಭಾಗದ ಒತ್ತಡ ಎರಡು ಮೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಏರಬಹುದು. ಹಾಗೆ ನಿಷ್ಕ್ರಿಯವಾದ ನೌಕೆಯಲ್ಲಿ ನೆರವಿಗಾಗಿ ಕಾಯಬೇಕೋ, ಹೊರಗೆ ಈಜಿ ಪಾರಾಗಬೇಕೋ ಎಂಬ ನಿರ್ಧಾರವನ್ನು ಒಳಗಿರುವ ಹಿರಿಯರು ತೆಗೆದುಕೊಳ್ಳುವುದು ಮುಖ್ಯವಾಗಿ ಮೂರು ಅಂಕಿಗಳನ್ನು ನೋಡಿ: ಒತ್ತಡ, ಆಮ್ಲಜನಕ, ಇಂಗಾಲದ ಡೈಆಕ್ಸೈಡ್.

ಈಗ ನಿಮ್ಮ ಎರಡನೆಯ ಪ್ರಶ್ನೆ. ದೇಹಕ್ಕೆ ಶೇಕಡಾವಾರು ಗೊತ್ತಿಲ್ಲ. ಒಂದು ಲೀಟರ್ ಗಾಳಿಯಲ್ಲಿ ಆ ಅನಿಲದ ಅಣುಗಳೆಷ್ಟು ಎಂಬುದೇ ಅದಕ್ಕೆ ತಾಗುವುದು. ಒತ್ತಡ ಮೂರು ಪಟ್ಟಾದಾಗ ಅದೇ ಶೇಕಡಾ 1ರ ಡೈಆಕ್ಸೈಡಿನಲ್ಲಿ ಲೀಟರಿಗೆ ಮೂರು ಪಟ್ಟು ಅಣುಗಳಿರುತ್ತವೆ; ಮೇಲ್ಮೈಯಲ್ಲಿ ಶೇಕಡಾ 3 ಉಸಿರಾಡಿದರೆ ಆಗುವುದೇ ಇಲ್ಲಿ ಶೇಕಡಾ 1ರಲ್ಲಿ ಆಗುತ್ತದೆ. ಇದನ್ನು ಮೇಲ್ಮೈಗೆ ಸಮನಾದ ಅಂಕಿ ಎಂದು ಲೆಕ್ಕ ಹಾಕುತ್ತಾರೆ. ಮಿಶ್ರಣದ ಪ್ರತಿ ಅನಿಲವೂ ತನ್ನ ಪಾಲಿನ ಒತ್ತಡವನ್ನು ತಾನೇ ಹಾಕುತ್ತದೆ ಎನ್ನುವ ಡಾಲ್ಟನ್ನನ ಭಾಗಶಃ ಒತ್ತಡದ ನಿಯಮವನ್ನು ತಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿರುತ್ತೀರಿ. ಅದು ಜೀವ ಉಳಿಸುವ ಲೆಕ್ಕವಾಗುವುದು ಇಲ್ಲಿ.

ತೊಡಕು ಇರುವುದು ಪರದೆಯ ಮೇಲಿನ ಅಂಕಿ ಬರೀ ಶೇಕಡಾವಾರೋ, ಮೇಲ್ಮೈಗೆ ಸಮನಾದ ಅಂಕಿಯೋ ಎಂಬುದರಲ್ಲಿ. ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ವಿದ್ಯುತ್ತಿನಿಂದ ಆಮ್ಲಜನಕವನ್ನು ಅಳೆಯುವ ಗ್ಯಾಲ್ವಾನಿಕ್ ಸೆಲ್‌ಗಳಲ್ಲಿ, ತೆಳುವಾದ ಪೊರೆಯ ಮೂಲಕ ಅನಿಲ ಒಳಬರುವ ಬಗೆಯವು ಅಣುಗಳ ಒತ್ತಡಕ್ಕೆ ಸ್ಪಂದಿಸುತ್ತವೆ. ಅಂಥ ಮೀಟರನ್ನು ಮೂರು ಪಟ್ಟು ಒತ್ತಡದ, ಶೇಕಡಾ 10 ಆಮ್ಲಜನಕವಿರುವ ವಿಭಾಗದಲ್ಲಿ ಹಿಡಿದರೆ ಅದು 30 ಎಂದು ತೋರಿಸುತ್ತದೆ. ಉಸಿರಾಟದ ದೃಷ್ಟಿಯಿಂದ ಆ 30 ಉಪಯುಕ್ತವಾದ ಅಂಕಿಯೇ. ಆದರೆ ಸೂಕ್ಷ್ಮ ರಂಧ್ರದ ಮೂಲಕ ಅನಿಲ ಒಳಬರುವ ಬಗೆಯ ಸೆಲ್ ಅದೇ ಗಾಳಿಯಲ್ಲಿ 10ರ ಹತ್ತಿರವೇ ನಿಲ್ಲುತ್ತದೆ, ಒತ್ತಡ ಬದಲಾಗುವ ಕ್ಷಣದಲ್ಲಿ ಮಾತ್ರ ಜಿಗಿದಾಡುತ್ತದೆ. ಎರಡೂ ಮೀಟರುಗಳ ಪರದೆಯ ಮೇಲೆ ಇರುವುದು ಒಂದೇ ಶೇಕಡಾ ಚಿಹ್ನೆ. 4.26 ಮೈಕ್ರೋಮೀಟರ್ ಅಲೆಯುದ್ದದ ಅವಕೆಂಪು ಬೆಳಕನ್ನು ಎಷ್ಟು ಹೀರಿತು ಎಂದು ನೋಡಿ ಡೈಆಕ್ಸೈಡನ್ನು ಅಳೆಯುವ ಸೆನ್ಸರೂ ದಾರಿಯಲ್ಲಿ ಸಿಕ್ಕ ಅಣುಗಳನ್ನೇ ಎಣಿಸುತ್ತದೆ. ಮೇಲಾಗಿ ಒತ್ತಡ ಏರಿದಾಗ ಅನಿಲ ಬೆಳಕನ್ನು ಹೀರುವ ಗೆರೆಗಳು ಅಗಲವಾಗಿ, ಬರೀ ಗುಣಾಕಾರದಿಂದ ತಿದ್ದಲಾಗದ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಕೆಲವು ಮೀಟರುಗಳು ಒಳಗೇ ಒತ್ತಡಮಾಪಕ ಇಟ್ಟುಕೊಂಡು ಸರಿಪಡಿಸುತ್ತವೆ. ಆ ತಿದ್ದುಪಡಿ ಎಷ್ಟು ಒತ್ತಡದವರೆಗೆ ಸರಿಯಾಗಿದೆ ಎಂಬುದನ್ನು ಒತ್ತಡದ ಕೋಣೆಯಲ್ಲಿ, ಗೊತ್ತಿರುವ ಮಿಶ್ರಣದಲ್ಲಿ, ಹಂತಹಂತವಾಗಿ ಏರಿಸಿ ಇಳಿಸಿ ನೋಡದೆ ಬೇರೆ ದಾರಿಯಿಲ್ಲ. ಪ್ರತಿ ಹಂತದಲ್ಲಿಯೂ ಕೋಣೆಯ ಗಾಳಿಯ ಮಾದರಿಯನ್ನು ಹೊರತೆಗೆದು ಮಿಶ್ರಣದ ಅನಿಲಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫಿನಿಂದ ತಾಳೆ ನೋಡುತ್ತಾರೆ.

ಒತ್ತಡದ ಕೋಣೆ ಕಲಿಸುವ ಪಾಠಗಳಲ್ಲಿ ಕೆಲವು ವಿಜ್ಞಾನಕ್ಕಿಂತ ಕೈಗೆಲಸಕ್ಕೆ ಸೇರಿದವು. ತೆಳುವಾದ ಪ್ಲಾಸ್ಟಿಕ್ ಹೊದಿಕೆಯ ಗುಂಡಿಗಳು ಒತ್ತಡಕ್ಕೆ ತಾವೇ ಒಳಸೇರಿ, ಯಾರೂ ಒತ್ತದಿದ್ದರೂ ಒತ್ತಿದಂತೆ ಕುಳಿತುಬಿಡುತ್ತವೆ. ಮೀಟರ್ ತಾನಾಗಿಯೇ ಆರಿಹೋಗಬಹುದು ಅಥವಾ ಬೇಡದ ಮೆನುವಿಗೆ ಹೋಗಿ ನಿಲ್ಲಬಹುದು. ಪರದೆಯ ಗಾಜು ಬಿರುಕು ಬಿಡಬಹುದು. ಪಂಪಿರುವ ಮೀಟರಿನಲ್ಲಿ ದಟ್ಟವಾದ ಗಾಳಿಯನ್ನು ಎಳೆಯಲಾಗದೆ ಪಂಪು ಸೋಲುತ್ತದೆ. ಇಳಿಸುವಾಗ ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ ಸೀಲುಗಳನ್ನು ಒಡೆಯಬಹುದು. ಇವೆಲ್ಲ ಕೋಣೆಯಲ್ಲಿ ಆಗಲಿ ಎಂದೇ ಪರೀಕ್ಷೆ ಮಾಡುವುದು.

ಪ್ರಶ್ನೆ: ಹಿಂದಿನ ಕಾಲದ ಜಲಾಂತರ್ಗಾಮಿಗಳಲ್ಲಿ ಇಲಿಗಳನ್ನು ಸಾಕುತ್ತಿದ್ದರಂತೆ, ನಿಜವೇ? (ಓದುಗರು, ವಾಸ್ಕೋ, ಗೋವಾ)

ಉತ್ತರ: ನಿಜ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆಯ ಪೆಟ್ರೋಲ್ ಎಂಜಿನ್ ಜಲಾಂತರ್ಗಾಮಿಗಳಲ್ಲಿ ಕೆಟ್ಟ ಗಾಳಿಯ ಮುನ್ಸೂಚನೆಗಾಗಿ ಬಿಳಿ ಇಲಿಗಳನ್ನು ಪಂಜರದಲ್ಲಿ ಇಡುತ್ತಿದ್ದರು. ಕಲ್ಲಿದ್ದಲು ಗಣಿಗಳಲ್ಲಿ ಇದೇ ಕೆಲಸಕ್ಕೆ ಕ್ಯಾನರಿ ಹಕ್ಕಿಗಳನ್ನು ಬಳಸಬೇಕೆಂದು ಹೇಳಿದವರು ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಅವರ ಮಗ, ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ನಮಗೆ ಇನ್ನೂ ಹತ್ತಿರದವರು. 1939ರ ಜೂನ್ 1ರಂದು ಬ್ರಿಟನ್ನಿನ ಥೀಟಿಸ್ ಜಲಾಂತರ್ಗಾಮಿ ಲಿವರ್‌ಪೂಲ್ ಕೊಲ್ಲಿಯಲ್ಲಿ ಪರೀಕ್ಷಾ ಯಾನದ ವೇಳೆ ಮುಳುಗಿದಾಗ ಅದರಲ್ಲಿ ಎಂದಿನ ಸಿಬ್ಬಂದಿಯ ಸುಮಾರು ಎರಡು ಪಟ್ಟು, ಅಂದರೆ 103 ಜನ ಇದ್ದರು, ಪಾರಾದವರು ನಾಲ್ವರು. ಸತ್ತ 99 ಜನರಲ್ಲಿ ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಇಂಗಾಲದ ಡೈಆಕ್ಸೈಡ್. ಆ ಸಾವುಗಳನ್ನು ಅರ್ಥಮಾಡಿಕೊಳ್ಳಲು ಹಾಲ್ಡೇನ್ ತಾವೇ ಮುಚ್ಚಿದ ಕೋಣೆಯಲ್ಲಿ ಕುಳಿತು, ಕೆಡುತ್ತಾ ಹೋಗುವ ಗಾಳಿಯನ್ನು ಉಸಿರಾಡಿ ನೋಡಿದರು. ಅವರು 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಇಲಿಗಳಿಂದ ಮೀಟರಿಗೆ ಬಂದ ದಾರಿಯಲ್ಲಿ ಒಂದು ದೊಡ್ಡ ಹೆಜ್ಜೆ ಅಮೆರಿಕದ ರಸಾಯನವಿಜ್ಞಾನಿ ಲೈನಸ್ ಪಾಲಿಂಗ್ ಅವರದು. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಜಲಾಂತರ್ಗಾಮಿಯಲ್ಲಿ ಆಮ್ಲಜನಕವನ್ನು ಅಳೆಯುವ ಸಾಧನ ಬೇಕಾಗಿತ್ತು. ಆಮ್ಲಜನಕವನ್ನು ಅಯಸ್ಕಾಂತ ತನ್ನೆಡೆಗೆ ಸೆಳೆಯುತ್ತದೆ, ಗಾಳಿಯ ಉಳಿದ ಮುಖ್ಯ ಅನಿಲಗಳನ್ನು ಸೆಳೆಯುವುದಿಲ್ಲ. ಈ ಗುಣವನ್ನು ಹಿಡಿದು ಪಾಲಿಂಗ್ ಗಾಜಿನ ಪುಟ್ಟ ಗೋಲಗಳನ್ನು ಅಯಸ್ಕಾಂತದ ನಡುವೆ ತೂಗುಬಿಟ್ಟು ಮಾಪಕವನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ ಅದೇ ಸಾಧನ ಅವಧಿಗೆ ಮೊದಲು ಹುಟ್ಟಿದ ಶಿಶುಗಳ ಇನ್‌ಕ್ಯುಬೇಟರುಗಳಲ್ಲಿ ಆಮ್ಲಜನಕವನ್ನು ಅಳೆಯಲು ಬಂತು.

ಪ್ರಶ್ನೆ: ಮೀಟರುಗಳನ್ನು ಬಳಸುವ ಮೊದಲು ಶುದ್ಧ ಗಾಳಿಯಲ್ಲಿ ಸೊನ್ನೆಗೆ ತರಬೇಕು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ವಾರಗಟ್ಟಲೆ ನೀರಿನಡಿ ಇರುವವರಿಗೆ ಶುದ್ಧ ಗಾಳಿ ಎಲ್ಲಿಂದ ಬರಬೇಕು? (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಪುಣೆ)

ಉತ್ತರ: ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಅನುಭವಸ್ಥರೂ ಕೇಳಿದ್ದು ಕಡಿಮೆ. ಅನೇಕ ಮೀಟರುಗಳಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೀಟರ್ ತಾನು ಆಗ ಉಸಿರಾಡುತ್ತಿರುವ ಗಾಳಿಯೇ ಶುದ್ಧ ಗಾಳಿ ಎಂದು ನಂಬಿ, ಆಮ್ಲಜನಕವನ್ನು ಹೊರಗಿನ ಗಾಳಿಯಲ್ಲಿರುವ ಶೇಕಡಾ 20.9ಕ್ಕೂ ಉಳಿದವನ್ನು ಸೊನ್ನೆಗೂ ಹೊಂದಿಸಿಕೊಳ್ಳುತ್ತದೆ. ಆಮ್ಲಜನಕ 18.5 ಇರುವ ವಿಭಾಗದಲ್ಲಿ ಅದನ್ನು ಒತ್ತಿದರೆ ಮೀಟರಿನ ಪಾಲಿಗೆ ಆ 18.5 ಇನ್ನು ಮುಂದೆ 20.9.

ನನ್ನ ಕೆಲಸದ ಆರಂಭದ ವರ್ಷಗಳಲ್ಲಿ ಈ ತಪ್ಪನ್ನು ನಾನೇ ಮಾಡಿದ್ದೇನೆ. ನಮ್ಮ ಕಾರ್ಯಾಗಾರದ ಸಣ್ಣ ಕೋಣೆಯಲ್ಲಿ ಸಾರಜನಕದ ಸಿಲಿಂಡರಿನ ಕವಾಟ ಸ್ವಲ್ಪ ಸೋರುತ್ತಿತ್ತು. ಬೆಳಿಗ್ಗೆ ಆ ಕೋಣೆಯಲ್ಲೇ ನಿಂತು ಗುಂಡಿ ಒತ್ತಿ, ದಿನವಿಡೀ ಆ ಮೀಟರಿನಿಂದ ಕೆಲಸ ಮಾಡಿದೆ. ಮಧ್ಯಾಹ್ನ ಊಟಕ್ಕೆ ಹೊರಗೆ ಬಂದಾಗ ಅದು ತೆರೆದ ಬಯಲಿನಲ್ಲಿ 22ಕ್ಕಿಂತ ಹೆಚ್ಚು ತೋರಿಸಿತು. ಬಯಲಿನ ಗಾಳಿಯಲ್ಲಿ ಅದು ಅಸಾಧ್ಯ. ಹೊರಗೆ ಬರದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಜಲಾಂತರ್ಗಾಮಿಯಲ್ಲಿರುವವರಿಗೆ ಊಟಕ್ಕೆ ಹೊರಗೆ ಬರುವ ಅವಕಾಶವಿಲ್ಲ ಎಂಬ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಇದಕ್ಕಿಂತಲೂ ಗುಪ್ತವಾದ ತೊಂದರೆ ಇಂಗಾಲದ ಡೈಆಕ್ಸೈಡ್ ಸೆನ್ಸರುಗಳಲ್ಲಿದೆ. ಕಚೇರಿ ಮತ್ತು ತರಗತಿಗಳಿಗಾಗಿ ತಯಾರಿಸಿದ ಅನೇಕ ಸೆನ್ಸರುಗಳು ಕೆಲವು ದಿನಗಳಲ್ಲಿ ತಾವು ಕಂಡ ಅತ್ಯಂತ ಕಡಿಮೆ ಅಂಕಿಯನ್ನು ಹೊರಗಿನ ಗಾಳಿಯ 400 ಪಿಪಿಎಂ ಎಂದು ಭಾವಿಸಿ, ಯಾರ ಗಮನಕ್ಕೂ ಬಾರದಂತೆ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ರಾತ್ರಿ ಖಾಲಿಯಾಗುವ ಕಚೇರಿಗೆ ಇದು ಸರಿ. ನೀರಿನಡಿ ಸಾಗುತ್ತಿರುವ ನೌಕೆಯಲ್ಲಿ ಪ್ರಮಾಣ ಕೆಲವು ಸಾವಿರ ಪಿಪಿಎಂಗಿಂತ ಕೆಳಗೆ ಬಾರದೇ ಇರಬಹುದು. ಅಲ್ಲಿ ಈ ಸೌಲಭ್ಯ ಮೀಟರನ್ನು ದಿನದಿನಕ್ಕೆ ಹೆಚ್ಚು ಸುಳ್ಳುಗಾರನನ್ನಾಗಿ ಮಾಡುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಮೀಟರನ್ನು ವಾರಗಟ್ಟಲೆ 3,000 ಅಥವಾ 5,000 ಪಿಪಿಎಂ ಗಾಳಿಯಲ್ಲಿಯೇ ಬಿಟ್ಟು, ಅಂಕಿ ಜಾರುತ್ತದೆಯೋ ನೋಡಬೇಕು. ಈ ಸ್ವಯಂ ತಿದ್ದುಪಡಿಯನ್ನು ಪೂರ್ತಿಯಾಗಿ ನಿಲ್ಲಿಸಲು ಬರದಿದ್ದರೆ ಆ ಮೀಟರನ್ನು ತಿರಸ್ಕರಿಸಬೇಕು. ಸೊನ್ನೆಗೂ ತಾಳೆಗೂ ನೌಕೆಯಲ್ಲಿ ಇರಬೇಕಾದುದು ಪುಟ್ಟ ಸಿಲಿಂಡರುಗಳಲ್ಲಿ ತುಂಬಿದ ಶುದ್ಧ ಗಾಳಿ ಮತ್ತು ಗೊತ್ತಿರುವ ಮಿಶ್ರಣ. ಬಳಸುವ ಮೊದಲು ಮಿಶ್ರಣವನ್ನು ಒಂದು ಕ್ಷಣ ಕೊಟ್ಟು, ಸೆನ್ಸರ್ ಎಚ್ಚರವಾಗಿದೆಯೇ ಎಂದು ನೋಡುವುದನ್ನು ಬಂಪ್ ಟೆಸ್ಟ್ ಎನ್ನುತ್ತೇವೆ. ಪಂಪಿರುವ ಮೀಟರಿನಲ್ಲಿ ಕೊಳವೆಯ ಬಾಯಿಗೆ ಬೆರಳಿಟ್ಟು, ಪಂಪಿನ ಅಲಾರಂ ಕೂಗುತ್ತದೆಯೇ ಎಂದೂ ನೋಡಬೇಕು. ಕೂಗದಿದ್ದರೆ ಕೊಳವೆ ಎಲ್ಲಿಯೋ ಸೋರುತ್ತಿದೆ, ನೀವು ಅಳೆಯುತ್ತಿರುವುದು ನಿಮ್ಮ ಪಕ್ಕದ ಗಾಳಿಯನ್ನೇ.

ತೇವದ ಪರೀಕ್ಷೆಗೆ ಮಾತ್ರ ನಮಗೆ ಪ್ರಕೃತಿಯೇ ಸಹಾಯ ಮಾಡುತ್ತದೆ. ಜುಲೈ ತಿಂಗಳ ಮುಂಬೈಯಲ್ಲಿ ಏಸಿ ಕೋಣೆಯಿಂದ ಮೀಟರನ್ನು ಹೊರಗೆ ತಂದರೆ ಕನ್ನಡಕದ ಗಾಜಿನಂತೆಯೇ ಸೆನ್ಸರಿನ ಒಳಗಿನ ಕನ್ನಡಿಯೂ ಮಂಜುಗಟ್ಟಿ, ಅವಕೆಂಪು ಬೆಳಕನ್ನು ತಡೆದು, ಇಲ್ಲದ ಡೈಆಕ್ಸೈಡನ್ನು ತೋರಿಸುತ್ತದೆ. ತಣ್ಣಗಾದ ಕವಚದೊಳಗೆ ಹತ್ತಾರು ಜನರ ಉಸಿರು, ಬೆವರು ಸೇರಿದ ನಿಷ್ಕ್ರಿಯ ನೌಕೆಯಲ್ಲಿ ಆಗುವುದೂ ಇದೇ.

ಕೊನೆಯದಾಗಿ, ಇಂಜಿನಿಯರಿಂಗ್ ಓದುವವರು ಸಾಮಾನ್ಯವಾಗಿ ಬಿಡುವ ಒಂದು ಪರೀಕ್ಷೆಯನ್ನು ಹೇಳುತ್ತೇನೆ. 2000ದ ಆಗಸ್ಟ್ 12ರಂದು ರಷ್ಯದ ಕುರ್ಸ್ಕ್ ಮುಳುಗಿದಾಗ ಹಿಂಭಾಗದ ಒಂಬತ್ತನೆಯ ವಿಭಾಗದಲ್ಲಿ ಸೇರಿದ 23 ಜನರಲ್ಲಿ ಒಬ್ಬ ಅಧಿಕಾರಿ, ಕತ್ತಲಿನಲ್ಲಿ ಕೈಯಿಂದ ತಡಕಾಡಿ, ಎಲ್ಲರ ಹೆಸರುಗಳ ಚೀಟಿ ಬರೆದಿಟ್ಟಿದ್ದರು. ಮೀಟರನ್ನು ಹಿಡಿಯುವವರ ಸ್ಥಿತಿ ಅದು. ಆದ್ದರಿಂದ ಆ ಉಪಕರಣವನ್ನು ಮೊದಲ ಸಲ ನೋಡುತ್ತಿರುವ ಕೆಲವರನ್ನು ಕರೆದು, ಕೈಗೆ ದಪ್ಪ ಕೈಗವಸು, ಮುಖಕ್ಕೆ ಉಸಿರಾಟದ ಮುಖವಾಡ ಹಾಕಿಸಿ, ದೀಪ ಆರಿಸಿ, ಮೀಟರನ್ನು ಆನ್ ಮಾಡಿ ಅಂಕಿ ಓದಿ ಕಾಗದದ ಮೇಲೆ ಬರೆಯಲು ಹೇಳಬೇಕು. ಬಣ್ಣದ ಕೊಳವೆಗಳನ್ನೂ ತುರ್ತು ದೀಪದ ಮಂದ ಬೆಳಕಿನಲ್ಲಿ ಓದಿಸಬೇಕು. ಅವರು ಬರೆದದ್ದನ್ನು ಸಿಲಿಂಡರಿನ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೇನೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಎರಡು ಮೀಟರು, ಒಂದು ಕತ್ತಲೆ ಕೋಣೆ, ಹತ್ತು ಜನ ಸಹಪಾಠಿಗಳು ಇದ್ದರೆ ಇದನ್ನು ನಿಮ್ಮ ಕಾಲೇಜಿನಲ್ಲಿಯೇ ಮಾಡಬಹುದು. ಮಾಡಿದರೆ ಫಲಿತಾಂಶವನ್ನು ದಯವಿಟ್ಟು ಈ ಅಂಕಣಕ್ಕೆ ಬರೆದು ಕಳುಹಿಸಿ.